ಅಕ್ಕ ಮುಟ್ಟಿದ ಹ್ಯಾಂಡ್‌ಬ್ರೇಕು

ನಮ್ಮ ಭಾವ ಮೂವತ್ತನಾಲ್ಕು ವರ್ಷ ಬಸ್ ಡಿಪೋದಲ್ಲಿ ಬ್ರೇಕ್ ಕೆಲಸ ಮಾಡಿ ನಿವೃತ್ತರಾದವರು. ಎಂಜಿನ್ ಕೆಲಸದವರಿಗೂ ಅವರಿಗೂ ಎಣ್ಣೆ ಸೀಗೆಕಾಯಿ. "ಓಡೋದೇನು ದೊಡ್ಡಸ್ತಿಕೆ? ಇಳಿಜಾರಿಗೆ ಬಿಟ್ರೆ ಖಾಲಿ ಪೀಪಾಯಿನೂ ಓಡುತ್ತೆ. ನಿಲ್ಲೋದು ಕಲಿಸ್ಬೇಕಪ್ಪ, ನಿಲ್ಲೋದು" ಎಂದು ಊಟದ ಹೊತ್ತಿನಲ್ಲಿ ಅವರನ್ನು ಕೆಣಕುತ್ತಿದ್ದರಂತೆ. ಅದಕ್ಕೇ ಡಿಪೋದಲ್ಲಿ ಅವರಿಗೆ ನಿಲ್ಲಿಸಪ್ಪ ಎಂದು ಹೆಸರು ಬಿತ್ತು. ಬೀಳ್ಕೊಡುಗೆಯ ದಿನ ಹಾರದ ಜೊತೆ ಕೊಟ್ಟ ಗಡಿಯಾರದ ಮೇಲೂ ಅದೇ ಹೆಸರನ್ನು ಬರೆಸಿದ್ದರು. ಭಾವನಿಗೆ ಸಿಟ್ಟು ಬರಲಿಲ್ಲ, ಎದೆ ಉಬ್ಬಿತು.

ದಿನಕ್ಕೆ ಸಾವಿರಾರು ಜನ ಅವರ ಬ್ರೇಕನ್ನು ನಂಬಿ ಬಸ್ಸು ಹತ್ತುತ್ತಿದ್ದರು. ನಂಬದವಳು ಒಬ್ಬಳೇ, ಅವರ ಹೆಂಡತಿ, ಅಂದರೆ ನನ್ನ ಅಕ್ಕ. ಅವಳು ಡಿಪೋದ ಬಸ್ಸನ್ನು ಹತ್ತುತ್ತಿದ್ದಳು, ಗಂಡನ ಕಾರನ್ನು ಮಾತ್ರ ಹತ್ತುತ್ತಿರಲಿಲ್ಲ. ಇಪ್ಪತ್ತಾರು ವರ್ಷ ಹತ್ತಲಿಲ್ಲ.

ಭಾವ ಎಂಥ ಮನುಷ್ಯ ಅಂತ ಸ್ವಲ್ಪ ಹೇಳಿಬಿಡುತ್ತೇನೆ. ಬೇರೆಯವರ ಗಾಡಿಯಲ್ಲಿ ಕೂತರೆ ಅವರ ಬಲಗಾಲು ಸುಮ್ಮನಿರುವುದಿಲ್ಲ, ತಿರುವು ಬಂದಾಗಲೆಲ್ಲ ಇಲ್ಲದ ಬ್ರೇಕನ್ನು ತುಳಿಯುತ್ತದೆ. ಒಂದು ನಟ್ಟು ಬಿಗಿ ಮಾಡಿದರೆಂದರೆ ಅದರ ಮೇಲಿಂದ ಪಕ್ಕದ ತಗಡಿನ ಮೇಲಕ್ಕೆ ಹಾಯುವಂತೆ ಹಳದಿ ಬಣ್ಣದ ಒಂದು ಸಣ್ಣ ಗೆರೆ ಎಳೆಯುತ್ತಾರೆ. ನಟ್ಟು ಕೂದಲೆಳೆಯಷ್ಟು ತಿರುಗಿದರೂ ಗೆರೆ ಮುರಿದು ಗುಟ್ಟು ರಟ್ಟಾಗುತ್ತದೆ. ಮನೆಯ ಗ್ಯಾಸ್ ಒಲೆಗೂ, ಕುರ್ಚಿಯ ಕಾಲಿಗೂ, ಅಕ್ಕನ ಹೊಲಿಗೆ ಮಿಷನ್ನಿಗೂ ಹಳದಿ ಗೆರೆ ಇದೆ. ನಾನು ಒಮ್ಮೆ ಅವರ ಮನೆಯಲ್ಲಿ ಮಧ್ಯಾಹ್ನ ಮಲಗಿ ಎದ್ದಾಗ ನನ್ನ ಕನ್ನಡಕದ ಸ್ಕ್ರೂಗೂ ಹಳದಿ ಬಣ್ಣ ಅಂಟಿತ್ತು. ಇನ್ನು ಹಟ ಅಂದರೆ, ಅವರು ಹಿಡಿದ ಮೊಲಕ್ಕೆ ಮೂರೇ ಕಾಲು. ನಾಲ್ಕನೆಯದನ್ನು ನೀವು ತೋರಿಸಿದರೆ ಅದು ಬಾಲ ಅನ್ನುತ್ತಾರೆ.

ಕಾರಿನ ಕಥೆ ಹೀಗೆ. ಊರು ಬಿಟ್ಟು ಹೋಗುತ್ತಿದ್ದ ಒಬ್ಬ ಡಾಕ್ಟರರಿಂದ ಭಾವ ಅದನ್ನು ಕೊಂಡಾಗಲೇ ಅದು ಮುದಿ ಕಾರು. ಬೂದು ಬಣ್ಣ, ದುಂಡನೆಯ ಬೆನ್ನು, ಕಪ್ಪೆಗಣ್ಣಿನ ದೀಪ. ತಂದ ವಾರವೇ ಹಿಂದಿನ ಆಕ್ಸಲ್ಲಿನ ಬ್ರೇಕುಗಳನ್ನೆಲ್ಲ ಬಿಚ್ಚಿ ತೊಳೆದು ತಾವೇ ಜೋಡಿಸಿದರು. ಮರುದಿನ ಭಾನುವಾರ. ಅಕ್ಕ ಮನೆಯಲ್ಲೇ ಹೊಲಿಗೆ ಮಾಡುತ್ತಾಳೆ. ಆ ವರ್ಷ ಶಾಲೆಯ ಮಕ್ಕಳ ನಲವತ್ತು ಜೊತೆ ಸಮವಸ್ತ್ರ ಹೊಲಿದಿದ್ದಳು. ಅದನ್ನೆಲ್ಲ ಇಸ್ತ್ರಿ ಮಾಡಿ, ಎರಡು ಗಂಟು ಕಟ್ಟಿ, ಹೆಡ್‌ಮಿಸ್ ಮನೆಗೆ ಕೊಡಲು ಗಂಡ ಹೆಂಡತಿ ಕಾರಿನಲ್ಲಿ ಹೊರಟರು. ಹೆಡ್‌ಮಿಸ್ ಮನೆ ನಮ್ಮ ಬೀದಿಯ ಏರಿನ ತುದಿಯಲ್ಲಿದೆ. ಭಾವ ಏರಿನ ಮೇಲೆ ಕಾರು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಗೇಟು ತೆಗೆಯಲು ಹೋದರು. ಗೇರಿನಲ್ಲಿ ಹಾಕಿ ನಿಲ್ಲಿಸುವುದು ಬ್ರೇಕಿನ ಮೇಲೆ ನಂಬಿಕೆ ಇಲ್ಲದವರ ಕೆಲಸ ಅನ್ನುವುದು ಆಗಿನ ಅವರ ವಾದ. ಅಕ್ಕ ಮುಂದಿನ ಸೀಟಿನಿಂದ ಇಳಿದು, ಹಿಂದಿನ ಬಾಗಿಲು ತೆಗೆದು, ಒಂದು ಗಂಟನ್ನು ಹೊರಗೆಳೆದಳು. ಅಷ್ಟರಲ್ಲಿ ಕಾರು ಯಾರೋ ಕರೆದ ಹಾಗೆ ಹಿಂದಕ್ಕೆ ಹೊರಟಿತು.

ಯಾರಿಗೂ ಏನೂ ಆಗಲಿಲ್ಲ. ಕಾರು ತೆರೆದ ಬಾಗಿಲನ್ನು ರೆಕ್ಕೆಯಂತೆ ಆಡಿಸುತ್ತ ಇಳಿದು, ಪೋಸ್ಟ್‌ಮ್ಯಾನ್ ಮನೆ ಮುಂದೆ ಗೋಡೆ ಕಟ್ಟಲು ಹಾಕಿಸಿದ್ದ ಮರಳಿನ ರಾಶಿಗೆ ಹಿಂಭಾಗ ಒತ್ತಿ ಕೂತಿತು. ಗಂಟು ಚರಂಡಿಗೆ ಬಿತ್ತು. ಭಾವ ಹಿಂದೆಯೇ ಓಡಿಹೋಗಿ ಕಾರಿನೊಳಗೆ ಹಾರಿ ಮೊದಲು ಮಾಡಿದ ಕೆಲಸ ಹ್ಯಾಂಡ್‌ಬ್ರೇಕಿನ ಹಿಡಿಯನ್ನು ಕಿತ್ತುಬರುವ ಹಾಗೆ ಮೇಲಕ್ಕೆ ಎಳೆದದ್ದು. ಅದಕ್ಕೆ ಮುಂಚೆ ಆ ಹಿಡಿ ಮೇಲಿತ್ತೋ ಕೆಳಗಿತ್ತೋ ಹೀಗಾಗಿ ಯಾರಿಗೂ ಗೊತ್ತಾಗಲಿಲ್ಲ. ಕೆಳಗಿಳಿದು ಬಂದವರು ಬೀದಿಯವರೆಲ್ಲರ ಎದುರಿಗೆ ಹೇಳಿದರು: "ನೀನು ಇಳಿಯುವಾಗ ನಿನ್ನ ಕೈಚೀಲ ಹ್ಯಾಂಡ್‌ಬ್ರೇಕಿಗೆ ತಗಲಿರ್ಬೇಕು."

"ನಾನು ಮುಟ್ಟಿಲ್ಲ" ಎಂದಳು ಅಕ್ಕ.

"ಮುಟ್ಟದೆ ಹೇಗೆ ಬಿಟ್ಕೊಳ್ಳುತ್ತೆ? ಬ್ರೇಕ್ ಮಾಡಿದವನು ನಾನು."

"ನಾನು ಮುಟ್ಟಿಲ್ಲ ರೀ."

ಅದೇ ಏರಿನಲ್ಲಿ ಭಾವ ಮೂರು ಸಲ ಕಾರು ನಿಲ್ಲಿಸಿ ತೋರಿಸಿದರು. ಮೂರು ಸಲವೂ ಹಾಳು ಕಾರು ಬಂಡೆಯ ಹಾಗೆ ನಿಂತಿತು. ಬೀದಿಯವರು ತೀರ್ಪು ಕೊಟ್ಟು ಮನೆಗೆ ಹೋದರು. ಅಕ್ಕ ಚರಂಡಿಯಿಂದ ಗಂಟೆತ್ತಿಕೊಂಡು ನಡೆದೇ ಮನೆಗೆ ಬಂದಳು. ಇಪ್ಪತ್ತು ಜೊತೆ ಬಟ್ಟೆಯನ್ನು ಮತ್ತೆ ಒಗೆದು, ಒಣಗಿಸಿ, ಇಸ್ತ್ರಿ ಮಾಡಿದಳು. ಎಲ್ಲ ಮುಗಿದ ಮೇಲೆ ಭಾವನಿಗೆ ಒಂದೇ ಮಾತು ಹೇಳಿದಳು: "ನಾನು ಮುಟ್ಟಲಿಲ್ಲ ಅಂತ ನೀವು ಒಪ್ಪೋ ತನಕ ನಿಮ್ಮ ಕಾರು ಹತ್ತಲ್ಲ."

ಭಾವ ರಾಜಿಗೆ ಬರಲಿಲ್ಲವೆಂದಲ್ಲ. ತಿಂಗಳು ಕಳೆದ ಮೇಲೆ "ಆಯ್ತು ಬಿಡೆ, ನೀನು ಮುಟ್ಟಲಿಲ್ಲ ಅಂತಲೇ ಇಟ್ಕೋ" ಎಂದರು. "ಇಟ್ಕೊಳ್ಳೋಕೆ ನನಗೆ ಬೇರೆ ಸಾಮಾನು ಬೇಕಾದಷ್ಟಿದೆ" ಎಂದಳು ಅಕ್ಕ. ಅಲ್ಲಿಗೆ ಆ ಮಾತು ನಿಂತಿತು. ಗಂಡ ಹೆಂಡತಿ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ಇವರು ಇಪ್ಪತ್ತಾರು ವರ್ಷ ಚೆನ್ನಾಗಿಯೇ ಉಂಡರು, ಚೆನ್ನಾಗಿಯೇ ಮಲಗಿದರು, ಮಗಳನ್ನು ಓದಿಸಿದರು, ಮನೆ ಕಟ್ಟಿದರು, ಒಬ್ಬರ ಕಾಯಿಲೆಗೆ ಇನ್ನೊಬ್ಬರು ನಿದ್ದೆಗೆಟ್ಟರು. ಅದೊಂದು ಮಾತು ಮಾತ್ರ ಹಾಗೇ ಉಳಿಯಿತು.

ಇಲ್ಲಿ ನನ್ನ ಪಾತ್ರವನ್ನೂ ಹೇಳಬೇಕು, ಮುಚ್ಚಿಟ್ಟು ಪ್ರಯೋಜನವಿಲ್ಲ. ನಾನು ನೀರು ಸರಬರಾಜು ಕಚೇರಿಯ ಗುಮಾಸ್ತ. ಕಾರಿನ ಬಗ್ಗೆ ನನಗೆ ಗೊತ್ತಿರುವುದು ಹಾರ್ನ್ ಎಲ್ಲಿದೆ ಎಂಬುದಷ್ಟೆ. ಆದರೆ ಕಥೆ ಹೇಳುವುದು ಗೊತ್ತು. 'ಅಕ್ಕ ಮುಟ್ಟಿದ ಹ್ಯಾಂಡ್‌ಬ್ರೇಕು' ನನ್ನ ಅತ್ಯುತ್ತಮ ಕಥೆ. ಭಾವ ಬರೀ ಒಂದು ಸಾಲಿನಲ್ಲಿ ಹೇಳುತ್ತಿದ್ದುದಕ್ಕೆ ನಾನು ಒಗ್ಗರಣೆ ಹಾಕಿದೆ. ಅಕ್ಕ ಓಡುವ ಕಾರಿಗೆ "ನಿಲ್ಲು, ನಿಲ್ಲು" ಎಂದು ಕೈ ಅಡ್ಡ ಹಿಡಿದದ್ದು, ಚರಂಡಿಯಲ್ಲಿ ತೇಲುವ ಚಡ್ಡಿಗಳನ್ನು ಎಣಿಸಿದ್ದು, ಎಲ್ಲ ನನ್ನ ಸೇರ್ಪಡೆ. ಮದುವೆ ಮನೆಗಳಲ್ಲಿ ಹೇಳಿದೆ. ಹೆಡ್‌ಮಿಸ್ ನಿವೃತ್ತಿಯ ಸಮಾರಂಭದಲ್ಲಿ ವೇದಿಕೆ ಹತ್ತಿ ಅಭಿನಯ ಸಮೇತ ಹೇಳಿದೆ, ಮುನ್ನೂರು ಜನ ನಕ್ಕರು. ಅಕ್ಕ ಮೂರನೆಯ ಸಾಲಿನಲ್ಲಿದ್ದಳು. ಕಥೆಯ ನಡುವೆ ನೀರು ಕುಡಿಯಲು ಎದ್ದುಹೋದಳು. ನಾನು ಅದನ್ನು ಬಾಯಾರಿಕೆ ಅಂದುಕೊಂಡೆ, ಎಂಥ ಪೆದ್ದ ನಾನು.

ಕಾರು ಆ ಏರಿನಲ್ಲಿ ಜಾರಿದ ವರ್ಷವೇ ಎಂಜಿನ್ ಕೆಟ್ಟು ಶೆಡ್ಡು ಸೇರಿತು. ಡಿಪೋದ ಕೆಲಸ, ಮಗಳ ಓದು, ಮನೆ ಅಂತ ಭಾವನಿಗೆ ಬಿಡುವಾಗಲಿಲ್ಲ. ಮಾರಲು ಮನಸ್ಸಾಗಲಿಲ್ಲ. ಟಾರ್ಪಾಲಿನ್ ಹೊದ್ದುಕೊಂಡು ಅದು ಅಲ್ಲೇ ಬಿದ್ದಿತ್ತು. ನಿವೃತ್ತರಾದ ಮಾರನೆಯ ಬೆಳಿಗ್ಗೆ ಭಾವ ಟಾರ್ಪಾಲಿನ್ ಎಳೆದರು. ಎರಡು ವರ್ಷ ಹಿಡಿಯಿತು. ಎಂಜಿನ್ನಿಗೆ ಮಾತ್ರ, ಮೂಗು ಮುರಿದುಕೊಂಡೇ, ಡಿಪೋದ ಹಳೆಯ ಗೆಳೆಯನನ್ನು ಕರೆಸಿದರು. ಉಳಿದದ್ದೆಲ್ಲ ತಾವೇ. ಹಿಂದಿನ ಬ್ರೇಕುಗಳನ್ನು ಕೊನೆಗೆ ಉಳಿಸಿಕೊಂಡರು, ಮಕ್ಕಳು ಇಷ್ಟದ ತಿಂಡಿಯನ್ನು ತಟ್ಟೆಯ ಅಂಚಿಗೆ ತಳ್ಳಿಟ್ಟುಕೊಳ್ಳುವ ಹಾಗೆ.

"ಈ ಸಲ ಎಂಥ ಬ್ರೇಕ್ ಮಾಡ್ತೀನಿ ನೋಡ್ತಿರು" ಎಂದರು ನನ್ನ ಹತ್ತಿರ. "ಎಲ್ಲಾ ಹೊಸದು. ನಿಮ್ಮಕ್ಕ ಹತ್ತಲೇಬೇಕು."

"ಅವಳು ಬ್ರೇಕಿಗೋಸ್ಕರ ಹತ್ತದೆ ಇರೋದಲ್ಲ ಭಾವ."

"ಮತ್ತೆ ಇನ್ಯಾತಕ್ಕೆ? ಹೆದರಿಕೆ ಅಷ್ಟೆ. ಹೆದರಿಕೆಗೆ ಒಳ್ಳೆ ಬ್ರೇಕೇ ಔಷಧಿ."

ಹೇಳಿದೆನಲ್ಲ, ಮೂರೇ ಕಾಲು.

ಭಾನುವಾರಗಳಂದು ನಾನು ಸಹಾಯಕ್ಕೆ ಹೋಗುತ್ತಿದ್ದೆ. ಸಹಾಯ ಅಂದರೆ ಟಾರ್ಚ್ ಹಿಡಿಯುವುದು, ಬೈಸಿಕೊಳ್ಳುವುದು. ಹಿಂದಿನ ಎರಡು ಚಕ್ರಗಳನ್ನೂ ಎತ್ತಿ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕೂರಿಸಿದರು, ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟರು. ಭಾವನ ನಿಯಮ ಒಂದೇ, ಡಿಪೋದಲ್ಲಿ ಹೊಸಬರಿಗೆಲ್ಲ ಇದನ್ನೇ ಕಲಿಸುತ್ತಿದ್ದರು: ಒಂದು ಕಡೆ ಬಿಚ್ಚು, ಇನ್ನೊಂದು ಕಡೆ ಬಿಚ್ಚಬೇಡ. ಜೋಡಿಸುವಾಗ ಅನುಮಾನ ಬಂದರೆ ಆ ಕಡೆ ತೆಗೆದು ನೋಡಿಕೊಳ್ಳಬಹುದು. ಮೊದಲು ಬಲಗಡೆ.

ಚಕ್ರ ಸುಲಭವಾಗಿ ಬಂತು, ಡ್ರಮ್ಮು ಬರಲಿಲ್ಲ. ಡ್ರಮ್ಮು ಅಂದರೆ ಚಕ್ರದ ಜೊತೆ ತಿರುಗುವ ಕಬ್ಬಿಣದ ಬೋಗುಣಿ. ಅದರ ಹೊಟ್ಟೆಯೊಳಗೆ ಬ್ರೇಕಿನ ಸಂಸಾರವೆಲ್ಲ ಇರುತ್ತದೆ. ತುಕ್ಕು ಹಿಡಿದು ಕಚ್ಚಿಕೊಂಡಿದ್ದ ಅದಕ್ಕೆ ಭಾವ ಎಣ್ಣೆ ಹಾಕಿದರು, ಸುತ್ತ ಸುತ್ತಿಗೆಯಿಂದ ತಟ್ಟಿದರು, ಬೆಂಕಿ ಕಾಯಿಸಿದರು, ಪುಲ್ಲರ್ ಹಾಕಿ ಎಳೆದರು, ಕೊನೆಗೆ ಅದರ ಜೊತೆ ಮಾತಾಡಿದರು. ಎರಡು ಭಾನುವಾರ ಹೀಗೇ ಹೋಯಿತು. ಅಕ್ಕ ಹನ್ನೊಂದು ಗಂಟೆಗೆ ಟೀ ತಂದು ಶೆಡ್ಡಿನ ಬಾಗಿಲ ಬಳಿಯ ಸ್ಟೂಲಿನ ಮೇಲಿಟ್ಟು ಹೋಗುತ್ತಿದ್ದಳು, ಒಳಗೆ ಕಾಲಿಡುತ್ತಿರಲಿಲ್ಲ. ಮೂರನೆಯ ಭಾನುವಾರ ಅವಳು ಟೀ ಇಡುತ್ತಿರುವಾಗಲೇ ಡ್ರಮ್ಮು ಢಣ್ ಎಂದು ಕಳಚಿ ಭಾವನನ್ನು ಅಂಗಾತ ಬೀಳಿಸಿತು.

"ಬಿದ್ರಾ?" ಎಂದಳು ಅಕ್ಕ ಹೊರಗಿನಿಂದ.

"ಇಲ್ಲ, ಬಂತು!"

"ಬಿದ್ದದ್ದಕ್ಕೂ ಬಂದದ್ದಕ್ಕೂ ಒಂದೇ ಸದ್ದು ನಿಮ್ಮದು" ಎಂದು ಹೋದಳು.

ಒಳಗೆ ಮಸಿ ಧೂಳಿನ ನಡುವೆ ಎರಡು ಅರ್ಧಚಂದ್ರಾಕಾರದ ತುಂಡುಗಳು ಎದುರುಬದುರು ಕೂತಿದ್ದವು. ಅವೇ ಬ್ರೇಕ್ ಶೂ. ಕಾಲಿನ ಬ್ರೇಕ್ ಒತ್ತಿದರೆ ಎಣ್ಣೆಯ ಒತ್ತಡ ಅವನ್ನು ಅಗಲಿಸಿ ಡ್ರಮ್ಮಿಗೆ ಅದುಮುತ್ತದೆ. ಹ್ಯಾಂಡ್‌ಬ್ರೇಕ್ ಎಳೆದರೆ ಅದೇ ಕೆಲಸವನ್ನು ಒಂದು ಕಬ್ಬಿಣದ ಪಟ್ಟಿ ಮಾಡುತ್ತದೆ. ಎರಡು ಶೂಗಳ ನಡುವೆ ಅಡ್ಡ ಕೂತ, ಗೇಣುದ್ದದ, ಎರಡೂ ತುದಿಯಲ್ಲಿ ಕಚ್ಚು ಇರುವ ಪಟ್ಟಿ. ಕೇಬಲ್ ಎಳೆದಾಗ ಅದು ಶೂಗಳನ್ನು ಹೊರಕ್ಕೆ ತಳ್ಳಿ ಹಿಡಿಯುತ್ತದೆ. ಇಷ್ಟನ್ನು ಭಾವ ನನಗೆ ಆರು ಸಲ ವಿವರಿಸಿದ್ದಾರೆ, ಆರನೆಯ ಸಲ ಅರ್ಥವಾಯಿತು.

ಹಿಂಬದಿಯ ನಟ್ಟುಗಳ ಮೇಲೆ ಭಾವನ ಹಳದಿ ಗೆರೆ ಮಾಸಿದ್ದರೂ ಮುರಿಯದೆ ಹಾಗೇ ಇತ್ತು. "ನೋಡು, ಇಪ್ಪತ್ತಾರು ವರ್ಷ! ಯಾರ ಕೈಯೂ ಬಿದ್ದಿಲ್ಲ. ನಾನು ಹೇಗೆ ಜೋಡಿಸಿದ್ದೆನೋ ಹಾಗೇ ಇದೆ" ಎಂದು ನನಗೆ ತೋರಿಸಿ ಹಿಗ್ಗಿದರು. ಹಳೆಯ ಶೂ, ಸ್ಪ್ರಿಂಗು, ಎಣ್ಣೆ ಸೋರುತ್ತಿದ್ದ ಸಿಲಿಂಡರು ಎಲ್ಲ ತೆಗೆದು, ಬಿಡಿಭಾಗದ ಅಂಗಡಿಗಳಲ್ಲಿ ನಾಲ್ಕು ತಿಂಗಳು ಹುಡುಕಿ ತಂದ ಹೊಸದನ್ನು ಹಾಕಿದರು. ಪಟ್ಟಿ ಹೊಸದು ಸಿಗಲಿಲ್ಲ. ಹಳೆಯದು ಗಟ್ಟಿಯಾಗಿಯೇ ಇತ್ತು, ಉಜ್ಜಿ ತೊಳೆದು ಅದನ್ನೇ ಕೂರಿಸಿದರು. ಡ್ರಮ್ಮು ಮುಚ್ಚಿ, ಚಕ್ರ ಏರಿಸಿ, ನನ್ನನ್ನು ಡ್ರೈವರ್ ಸೀಟಿಗೆ ಕಳಿಸಿದರು.

"ಹ್ಯಾಂಡ್‌ಬ್ರೇಕ್ ಎಳಿ."

ಎಳೆದೆ. ಕಟ ಕಟ ಎಂದು ಐದು ಹಲ್ಲು ಏರಿ ನಿಂತಿತು. ಭಾವ ಹಿಂದೆ ಚಕ್ರಕ್ಕೆ ಉದ್ದನೆಯ ಪೈಪು ಕೊಟ್ಟು ಮೈಭಾರವೆಲ್ಲ ಹಾಕಿ ತಿರುಗಿಸಲು ನೋಡಿದರು. ಚಕ್ರ ಜಗ್ಗಲಿಲ್ಲ. "ಭಲೇ!" ಎಂದರು. ಇನ್ನೊಮ್ಮೆ ಜೋತುಬಿದ್ದರು. ಹಿಂದಿನಿಂದ ಠಕ್ ಎಂದು ಒಂದು ಸದ್ದು, ಆಮೇಲೆ ಪೈಪು ನೆಲಕ್ಕೆ ಬಿದ್ದ ಸದ್ದು, ಆಮೇಲೆ ಭಾವ.

"ಏಯ್! ಯಾಕೋ ಬಿಟ್ಟೆ?"

"ನಾನು ಬಿಟ್ಟಿಲ್ಲ ಭಾವ."

"ಬಿಡದೆ ಹೇಗೋ ಬಿಟ್ಕೊಳ್ಳುತ್ತೆ? ನಿನ್ನ ಮೊಣಕೈ ತಗಲಿರ್ಬೇಕು."

"ನಾನು ಮುಟ್ಟಿಲ್ಲ!" ಎಂದೆ. ಸಿಟ್ಟು ನೆತ್ತಿಗೇರಿತ್ತು. "ಬಂದು ನೋಡಿ ಬೇಕಾದ್ರೆ. ಹಿಡಿ ಮೇಲೇ ಇದೆ. ಐದೂ ಹಲ್ಲು!"

ಹೇಳಿದ ಮೇಲೆ ನನಗೇ ನನ್ನ ಮಾತು ಕೇಳಿಸಿತು. ನಾನು ಹೇಳಿದ ಮಾತು ಯಾರದು ಎಂದು ಹೊಳೆಯಿತು. ಭಾವ ಕಿಟಕಿಗೆ ಬಂದು ಬಗ್ಗಿ ನೋಡಿದರು. ನನ್ನ ಎರಡೂ ಕೈ ಸ್ಟೀರಿಂಗ್ ಮೇಲಿತ್ತು. ಹ್ಯಾಂಡ್‌ಬ್ರೇಕಿನ ಹಿಡಿ ಮೇಲೆ ನಿಂತಿತ್ತು. ಅವರು ಅದನ್ನು ಮುಟ್ಟದೆ ಎಷ್ಟೋ ಹೊತ್ತು ನೋಡುತ್ತಲೇ ಇದ್ದರು.

ಆಮೇಲೆ ಎಡಗಡೆಯನ್ನೂ ಬಿಚ್ಚಿದರು. ಆ ಡ್ರಮ್ಮು ಯಾವ ತಕರಾರೂ ಮಾಡದೆ ಬಂತು. ಎರಡೂ ಪಟ್ಟಿಗಳನ್ನು ಹೊರತೆಗೆದು ಬಟ್ಟೆಯ ಮೇಲೆ ಪಕ್ಕಪಕ್ಕ ಇಟ್ಟರು. ನೋಡಲು ಅವಳಿ ಜವಳಿ. ಆದರೆ ಒಂದರ ಕಚ್ಚು ಒಂದು ಕಡೆಗೆ ಓರೆ, ಇನ್ನೊಂದರದು ಇನ್ನೊಂದು ಕಡೆಗೆ. ಎಡಗಡೆಯದು ಎಡಕ್ಕೇ ಕೂರಬೇಕು, ಬಲದ್ದು ಬಲಕ್ಕೇ. ಬದಲಾದರೂ ಕೂರುತ್ತದೆ, ಆದರೆ ಕಚ್ಚಿನ ಆಳಕ್ಕೆ ಇಳಿಯದೆ ತುದಿಯಲ್ಲಿ ಮಾತ್ರ ಆನಿಕೊಳ್ಳುತ್ತದೆ. ಕೆಲವು ಸಲ ನಿಲ್ಲುತ್ತದೆ, ಒಮ್ಮೊಮ್ಮೆ ಜಾರುತ್ತದೆ. ಒಂದು ಕಡೆ ಜಾರಿದರೆ ಭಾರವೆಲ್ಲ ಇನ್ನೊಂದರ ಮೇಲೆ ಬಿದ್ದು ಅದೂ ಜಾರುತ್ತದೆ. ಭಾವ ಎಡಗಡೆಯ ಪಟ್ಟಿಯ ತುದಿಗೆ ಟಾರ್ಚ್ ಹಿಡಿಯಲು ಹೇಳಿದರು. ಉಗುರಿನಷ್ಟು ಉದ್ದದ, ಜಾರಿದ ಹಳೆಯ ಗೀರು ಅಲ್ಲಿತ್ತು.

"ಬೇರೆ ಯಾರೋ ಮಾಡಿರ್ಬಹುದು" ಎಂದೆ, ಸುಮ್ಮನೆ.

"ಗೆರೆ ನಂದು" ಎಂದರು ಭಾವ.

ಪಟ್ಟಿಯನ್ನು ಬಟ್ಟೆಯ ಮೇಲಿಟ್ಟು ತಾವೇ ಹೇಳಿದರು: "ಆವತ್ತು ಎರಡೂ ಕಡೆ ಒಟ್ಟಿಗೆ ಬಿಚ್ಚಿದ್ದೆ ಕಣೋ. ಭಾನುವಾರದೊಳಗೆ ಅವಳನ್ನ ಕೂರಿಸ್ಕೊಂಡು ಹೋಗ್ಬೇಕು ಅಂತ ಆತುರ. ಎಲ್ಲಾ ಒಂದೇ ಡಬ್ಬಕ್ಕೆ ಹಾಕಿ ಸೀಮೆಎಣ್ಣೇಲಿ ತೊಳ್ದೆ. ಡಿಪೋದಲ್ಲಿ ಯಾರಾದ್ರೂ ಹಾಗೆ ಮಾಡಿದ್ರೆ ಹೊರಗೆ ಕಳಿಸ್ತಿದ್ದೆ."

ನನ್ನ ಬುದ್ಧಿ ಎಂಥದು ನೋಡಿ. "ಸುಮ್ಮನೆ ಅದಲು ಬದಲು ಮಾಡಿ ಹಾಕಿಬಿಡಿ ಭಾವ. ನಾನಂತೂ ಯಾರಿಗೂ ಹೇಳಲ್ಲ" ಎಂದೆ.  ಯಾರಿಗೂ ಗೊತ್ತಾಗದಿದ್ದರೆ ನಾನೂ ಬಚಾವಾಗುತ್ತೇನೆ ಎಂಬ ಆಸೆ.

ಭಾವ ನನ್ನ ಕಡೆ ನೋಡಲೂ ಇಲ್ಲ. ಕೈ ತೊಳೆಯದೆ ಎರಡೂ ಪಟ್ಟಿ ಹಿಡಿದುಕೊಂಡು ಮನೆಯೊಳಗೆ ನಡೆದರು. ನಾನು ಬಾಲ ಮುದುರಿಕೊಂಡು ಹಿಂದೆ ಹೋದೆ.

ಅಕ್ಕ ಹೊಲಿಗೆ ಕೋಣೆಯಲ್ಲಿ ಯಾರದೋ ಅಂಗಿಗೆ ತೋಳು ಕೂರಿಸುತ್ತಿದ್ದಳು. ಭಾವ ಅವಳ ಮಿಷನ್ನಿನ ಮೇಲೆ ಪಟ್ಟಿಗಳನ್ನಿಟ್ಟರು. "ಅಯ್ಯೋ, ಬಿಳಿ ಬಟ್ಟೆ ರೀ!" ಎಂದು ಅವಳು ಅಂಗಿಯನ್ನು ಎಳೆದುಕೊಂಡಳು. ಭಾವ ಕಚ್ಚು, ಓರೆ, ಕೇಬಲ್ ಅಂತ ಏನೇನೋ ಶುರುಮಾಡಿದರು. ನನಗೆ ಆರು ಸಲ ಹೇಳಿದ್ದನ್ನು ಅವಳಿಗೆ ಅರ್ಧ ಸಲವೂ ಪೂರ್ತಿ ಹೇಳಲಾಗಲಿಲ್ಲ. ಅಕ್ಕ ಎರಡು ಪಟ್ಟಿಗಳನ್ನೂ ಒಂದರ ಮೇಲೊಂದು ಇಟ್ಟು ನೋಡಿದಳು, ತಿರುಗಿಸಿ ನೋಡಿದಳು.

"ಇದು ಎಡತೋಳು, ಇದು ಬಲತೋಳು. ನೀವು ಬಲತೋಳನ್ನ ಎಡಕ್ಕೆ ಹೊಲಿದಿದ್ರಿ. ಅಷ್ಟೇ ತಾನೆ?"

"ಅಷ್ಟೆ."

"ನಮ್ಮ ಹೊಲಿಗೆ ಟೀಚರು ಮೊದಲನೇ ವಾರದಲ್ಲೇ ಇದನ್ನ ಹೇಳ್ಕೊಟ್ಟಿದ್ರು" ಎಂದಳು ಅಕ್ಕ. ಆಮೇಲೆ ಅವಳ ಮುಖ ಬದಲಾಯಿತು. "ಆವತ್ತಿಂದಾನಾ?"

"ಆವತ್ತಿಂದ. ನೀನು ಮುಟ್ಟಿರಲಿಲ್ಲ. ತಪ್ಪು ನಂದು. ಮೂವತ್ತನಾಲ್ಕು ವರ್ಷ ಬ್ರೇಕ್ ಮಾಡಿದ ನಂದು."

"ಇನ್ನೊಂದ್ಸಲ ಹೇಳಿ."

ಭಾವ ಇನ್ನೊಂದು ಸಲ ಹೇಳಿದರು. ಅಕ್ಕ ಅತ್ತುಬಿಟ್ಟಳು. ಅವಳು ಅಳುವುದನ್ನು ನಾನು ನೋಡಿದ್ದು ಕಡಿಮೆ. ಮಾಡಲು ಏನೂ ತೋಚದೆ ನೂಲಿನ ಉಂಡೆಗಳನ್ನು ಬಣ್ಣದ ಪ್ರಕಾರ ಜೋಡಿಸುತ್ತ ನಿಂತೆ. ಭಾವ ಮಸಿ ಕೈಯಲ್ಲಿ ಅವಳ ಭುಜ ಮುಟ್ಟಲು ಹೋಗಿ, ಬಟ್ಟೆ ಕೊಳೆಯಾದೀತೆಂದು ಕೈಯನ್ನು ಗಾಳಿಯಲ್ಲೇ ಹಿಡಿದುಕೊಂಡಿದ್ದರು. ಅದನ್ನು ನೋಡಿ ಅಕ್ಕನಿಗೆ ಅಳುವಿನ ನಡುವೆ ನಗು ಬಂತು.

"ಹಾಗಾದ್ರೆ ಹತ್ತುತ್ತೀಯಾ?" ಎಂದರು ಭಾವ.

"ನನಗೆ ಹೇಳಿದ್ರೆ ಏನು ಬಂತು? ನನಗೆ ಮೊದಲಿಂದ ಗೊತ್ತಿದ್ದದ್ದೇ ಇದು. ಗೊತ್ತಿಲ್ಲದೋರಿಗೆ ಹೇಳ್ಬೇಕು." ಅಕ್ಕ ಕಣ್ಣೊರೆಸಿಕೊಂಡು ಬೆರಳು ಮಡಿಸತೊಡಗಿದಳು. "ಪೋಸ್ಟ್‌ಮ್ಯಾನ್ ಮನೆ, ಹೆಡ್‌ಮಿಸ್ ಮನೆ, ದಾರ ಗುಂಡಿ ಅಂಗಡಿ ಅಜ್ಜಿ, ನಿಮ್ಮ ಫೋರ್‌ಮನ್ನು, ನಿಮ್ಮ ತಂಗಿ, ನಮ್ಮ ಚಿಕ್ಕಮ್ಮ, ಮೇಷ್ಟ್ರ ಹೆಂಡತಿ. ಏಳು ಮನೆ. ಮನೆ ಮನೆಗೂ ಹೋಗಿ ಹೇಳ್ಬೇಕು. ನಾನೂ ಬರ್ತೀನಿ, ಕಾರಲ್ಲೇ ಬರ್ತೀನಿ." ಆಮೇಲೆ ನನ್ನ ಕಡೆ ತಿರುಗಿದಳು. "ಎಲ್ಲಿಗೋ ಜಾರ್ತಿದೀಯ? ಭಾಷಣ ಮಾಡಿದೋನು ನೀನು. ನೀನೂ ಹತ್ತು."

ಆ ಮಧ್ಯಾಹ್ನ ಅಕ್ಕ ಮೊದಲ ಸಲ ಶೆಡ್ಡಿನೊಳಗೆ ಬಂದಳು. ಎಡಗಡೆಯ ಪಟ್ಟಿಗೆ ಕೆಂಪು ದಾರ ಸುತ್ತಿ, ಭಾವ ಸರಿಯಾದ ಕಡೆಗೆ ಕೂರಿಸಿದ ಮೇಲೆ ದಾರ ಬಿಚ್ಚಿಕೊಂಡಳು. ಟಾರ್ಚ್ ಹಿಡಿಯುವ ಕೆಲಸವೂ ನನ್ನ ಕೈತಪ್ಪಿತು, ನಾನು ಹಿಡಿದರೆ ಬೆಳಕು ಅಲ್ಲಾಡುತ್ತದಂತೆ. ಎಡಗಡೆಗೂ ಹೊಸ ಶೂ ಬಿತ್ತು. ಎರಡೂ ಕಡೆ ಪೈಪು ಹಾಕಿ ಭಾವ ಜೋತುಬಿದ್ದರು, ನಾನು ಜೋತುಬಿದ್ದೆ, ಇಬ್ಬರೂ ಒಟ್ಟಿಗೆ ಜೋತುಬಿದ್ದೆವು. ಚಕ್ರ ಕದಲಲಿಲ್ಲ. ಭಾವ ಬ್ರೇಕ್ ಆಯಿಲ್ ತುಂಬಿ ಗಾಳಿ ತೆಗೆಯುವಾಗ ಪೆಡಲ್ ತುಳಿದವಳು ಅಕ್ಕ. "ಒತ್ತು... ಬಿಡು... ಒತ್ತು" ಎಂದು ಇವರು ಕೂಗಿದರೆ, "ಒತ್ತೋದು ನನಗೆ ಹೇಳ್ಕೊಡ್ಬೇಡಿ, ಮೂವತ್ತು ವರ್ಷ ಮಿಷನ್ ತುಳಿದ ಕಾಲಿದು" ಎಂದು ಅವಳು ಒಳಗಿನಿಂದ ಕೂಗುತ್ತಿದ್ದಳು. ಬೀದಿಗೆಲ್ಲ ಕೇಳಿಸುತ್ತಿತ್ತು.

ಮುಂದಿನ ಭಾನುವಾರ ಬೆಳಿಗ್ಗೆ ಹೊರಟೆವು. ಅಕ್ಕ ಮುಂದಿನ ಸೀಟಿನಲ್ಲಿ, ಒಳ್ಳೆಯ ಬಟ್ಟೆ ಉಟ್ಟು, ಕೈಚೀಲವನ್ನು ಬೇಕೆಂದೇ ಹ್ಯಾಂಡ್‌ಬ್ರೇಕಿನ ಪಕ್ಕದಲ್ಲಿಟ್ಟುಕೊಂಡು ಕೂತಳು. ನಾನು ಹಿಂದೆ. ಭಾವ ಶೆಡ್ಡಿನಿಂದ ಹೊರಗೆ ತರುವಾಗ ಎಷ್ಟು ನಿಧಾನ ಓಡಿಸಿದರೆಂದರೆ ಒಂದು ನಾಯಿ ನಮ್ಮನ್ನು ದಾಟಿಕೊಂಡು ಹೋಗಿ, ತಿರುಗಿ ನೋಡಿತು.

ಮೊದಲು ಪೋಸ್ಟ್‌ಮ್ಯಾನ್ ಮನೆ. ಅವರು ಈಗ ನಿವೃತ್ತರು, ಬಾಗಿಲಲ್ಲೇ ಪೇಪರ್ ಓದುತ್ತಿದ್ದರು. ಭಾವ ಎದುರಿಗೆ ನಿಂತು, ಶಾಲೆಯಲ್ಲಿ ಪದ್ಯ ಒಪ್ಪಿಸುವವರಂತೆ ಒಂದೇ ಉಸಿರಿಗೆ ಹೇಳಿದರು: ಆವತ್ತು ಕಾರು ಜಾರಿದ್ದು ನನ್ನ ತಪ್ಪಿನಿಂದ, ಇವಳು ಹ್ಯಾಂಡ್‌ಬ್ರೇಕ್ ಮುಟ್ಟಿರಲಿಲ್ಲ, ಬ್ರೇಕನ್ನು ತಪ್ಪಾಗಿ ಜೋಡಿಸಿದವನು ನಾನು. ಪೋಸ್ಟ್‌ಮ್ಯಾನ್ ಕನ್ನಡಕ ತೆಗೆದು ಕೇಳಿಸಿಕೊಂಡರು. "ಅದೆಲ್ಲ ಸರಿ. ನನ್ನ ಅರ್ಧ ಗಾಡಿ ಮರಳು ಬೀದಿಗೆ ಹರಡಿತಲ್ಲ, ಅದರ ಬಗ್ಗೆ ಏನಾದ್ರೂ ಹೇಳೋದಿದ್ಯಾ?" ಎಂದರು. ಅದಕ್ಕೂ ಕ್ಷಮೆ ಕೇಳಿದ್ದಾಯಿತು. ಅಕ್ಕ ಕಾರಿನಲ್ಲಿ ಕೂತೇ ನಕ್ಕಳು.

ಎರಡನೆಯದು ಹೆಡ್‌ಮಿಸ್ ಮನೆ. ಅದೇ ಏರು. ಭಾವ ಅದೇ ಜಾಗದಲ್ಲಿ ಕಾರು ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆದರು. ಇಳಿದು ಎರಡು ನಿಮಿಷ ಕಾರನ್ನೇ ನೋಡುತ್ತ ನಿಂತರು. ಅದು ಕದಲಲಿಲ್ಲ. ಅಕ್ಕನೂ ಇಳಿದಳು. ಹೆಡ್‌ಮಿಸ್‌ಗೆ ತಲೆಯೆಲ್ಲ ನೆರೆತಿದೆ, ಆದರೆ ಮಾತು ಅದೇ ಗಟ್ಟಿ. ಯಾವ ವರ್ಷ ಯಾವ ಮಕ್ಕಳಿಗೆ ಅಕ್ಕ ಯಾವ ಬಣ್ಣದ ಸಮವಸ್ತ್ರ ಹೊಲಿದಳೆಂದು ಈಗಲೂ ಹೇಳುತ್ತಾರೆ. ನಮ್ಮನ್ನು ಕೂರಿಸಿ ಬಿಸ್ಕತ್ತು ಕೊಟ್ಟರು. ಭಾವ ತಮ್ಮ ಪದ್ಯ ಒಪ್ಪಿಸಿದರು. ಆಮೇಲೆ ನಾನು ಎದ್ದು ನಿಂತು, ನಿಮ್ಮ ನಿವೃತ್ತಿಯ ದಿನ ವೇದಿಕೆಯ ಮೇಲೆ ನಾನು ಹೇಳಿದ ಕಥೆ ಸುಳ್ಳು, ಅಕ್ಕ ಏನೂ ಮುಟ್ಟಿರಲಿಲ್ಲ, ಚಡ್ಡಿ ಎಣಿಸಿದ್ದೂ ನಾನು ಕಟ್ಟಿದ್ದು ಎಂದೆ. ಮುನ್ನೂರು ಜನರೆದುರು ಸರಾಗವಾಗಿ ಬಂದ ಮಾತು ಒಬ್ಬ ಮುದುಕಿಯ ಎದುರು ತೊದಲಿತು.

ಹೆಡ್‌ಮಿಸ್ ನಮ್ಮ ಮೂವರ ಮುಖವನ್ನೂ ಒಬ್ಬೊಬ್ಬರದಾಗಿ ನೋಡಿದರು.

"ಯಾವ ಕಾರು? ಯಾವ ಕಥೆ?" ಎಂದರು. "ನೀನು ಅವತ್ತು ಮಾತಾಡಿದ್ದೆಯಾ? ನನಗೆ ಒಂದೂ ನೆನಪಿಲ್ಲಪ್ಪ."

ನಾನು ಕೂತೆ. ಮೂರನೆಯ ಸಾಲಿನಿಂದ ಎದ್ದುಹೋದ ಅಕ್ಕ ಕಣ್ಣಮುಂದೆ ಬಂದಳು. ನಕ್ಕವರೆಲ್ಲ ಆ ಸಂಜೆಯೇ ಮರೆತು ಮನೆಗೆ ಹೋಗಿದ್ದರು. ಇಷ್ಟು ವರ್ಷ ಅದನ್ನು ಹೊತ್ತವಳು ಅವಳೊಬ್ಬಳೇ.

ಹೊರಗೆ ಬಂದು ಕಾರಿನಲ್ಲಿ ಕೂತೆವು. ಭಾವ ಮೆಲ್ಲಗೆ ಹೇಳಿದರು: "ಅವರಿಗೇ ನೆನಪಿಲ್ಲ. ಇನ್ನು ಉಳಿದವರಿಗೂ..."

"ಅವರು ಮರೆತ್ರು. ನಾನು ಮರೆತಿಲ್ವಲ್ಲ" ಎಂದಳು ಅಕ್ಕ. ದನಿಯಲ್ಲಿ ಸಿಟ್ಟಿರಲಿಲ್ಲ, ಅಂಗಡಿಯವನಿಗೆ ಇನ್ನೂ ಎರಡು ಸಾಮಾನು ಬರೆಸುವಂತೆ ಹೇಳಿದಳು. "ಇನ್ನೂ ಐದು ಮನೆ ಇದೆ. ನಡೀರಿ."

ಭಾವ ಕಾರು ತಿರುಗಿಸಿದರು. ಗುಂಡಿ ಅಂಗಡಿಯ ಅಜ್ಜಿಯ ಬಾಗಿಲು ಬಂದಾಗ ಅವರು ಇಳಿಯುವುದಕ್ಕೆ ಮುಂಚೆ ನಾನು ಇಳಿದುಹೋಗಿ ಬಾಗಿಲು ತಟ್ಟಿದೆ.